ಬೆಂಚಿನ ಮೇಲಿನ ಕೊಂಬೆ

ಏಪ್ರಿಲ್ 3, ಗುರುವಾರ

ಅಣ್ಣ ಇವತ್ತೂ ಕೆಳಗೆ ಹೋದ. ಬಿಸಿಲು ಎಂದೆ, ಬೇಡ ಎಂದೆ, ಡಾಕ್ಟರು ಏನು ಹೇಳಿದ್ದಾರೆ ನೆನಪಿದೆಯಾ ಎಂದೆ. "ನೆನಪಿದೆ. ಗಾಳಿ ಬೇಕು ಅಂದಿದಾರೆ" ಎಂದು ಚಪ್ಪಲಿ ಮೆಟ್ಟಿಕೊಂಡ. ಡಾಕ್ಟರು ಹೇಳಿದ್ದು ಒಳ್ಳೆಯ ಗಾಳಿ. ಆ 'ಒಳ್ಳೆಯ'ವನ್ನು ಮಹಾಶಯ ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದಾನೆ.

ಅವನು ಹೋಗುವುದಾದರೂ ಎಲ್ಲಿಗೆ? ಎದುರಿನ ಬಸ್ ಡಿಪೋ ನೋಡಲು! ಮೂವತ್ತು ವರ್ಷ ಅದೇ ಡಿಪೋದ ಬಸ್ಸು ಓಡಿಸಿದವನು. ಡ್ರೈವರ್ ಪಕ್ಕದಲ್ಲೇ ಎಂಜಿನ್ನು ಹೊಗೆಯಾಡುತ್ತಿದ್ದ ಕಾಲದ ಬಸ್ಸುಗಳು. ಶ್ವಾಸಕೋಶ ಕೆಟ್ಟು, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಮನೆ ಸೇರಿದ. ಡಿಪೋದ ಗೇಟಿಗೆ ಎದುರಾಗಿ, ರಸ್ತೆಯ ಈ ಬದಿಯಲ್ಲಿ, ನೀಲಗಿರಿ ಮರಗಳ ಸಾಲಿನಡಿ ಒಂದು ಸಿಮೆಂಟಿನ ಬೆಂಚಿದೆ. ಅವನ ಬಸ್ಸಿನಲ್ಲೇ ಇದ್ದ ಕಂಡಕ್ಟರ್ ಅಲ್ಲಿ ಕಾದಿರುತ್ತಾರೆ. ಗೇಟಿನಿಂದ ಹೊರಬರುವ ಒಂದೊಂದು ಬಸ್ಸಿಗೂ ಇಬ್ಬರೂ ಕೂತು ತೀರ್ಪು ಕೊಡುತ್ತಾರೆ. ಇವನಿಗೆ ಕ್ಲಚ್ ಒತ್ತಲು ಬರುವುದಿಲ್ಲ, ಅವನು ತಿರುವಿನಲ್ಲಿ ಬಸ್ಸನ್ನು ಎಮ್ಮೆ ಎಳೆದ ಹಾಗೆ ಎಳೆಯುತ್ತಾನೆ, ಇತ್ಯಾದಿ.

ಅರ್ಧ ದಿನ ರಜೆ ಹಾಕಿ ಬಂದವಳು ನಾನು, ಎರಡನೇ ಮಹಡಿಯ ಕಿಟಕಿಯಲ್ಲಿ ದುರ್ಬೀನು ಹಿಡಿದು ನಿಂತಿದ್ದೆ. ದುರ್ಬೀನು ನಾನು ಕೆಲಸ ಮಾಡುವ ಗಾಳಿ ಪರೀಕ್ಷೆಯ ಲ್ಯಾಬಿನದು, ಮರದ ನೆತ್ತಿಯ ಎಲೆ ನೋಡಲು ಕೊಟ್ಟದ್ದು. ಅದರಲ್ಲಿ ಅಣ್ಣನ ಎದೆ ಏರಿಳಿಯುವುದು ಚೆನ್ನಾಗಿ ಕಾಣುತ್ತದೆ. ನಿಮಿಷಕ್ಕೆ ಇಪ್ಪತ್ತಾರು. ಕಂಡಕ್ಟರ್ ತಲೆಯೆತ್ತಿ ನನ್ನ ಕಡೆ ಕೈಬೀಸಿದರು. ನಾನು ಪರದೆಯ ಹಿಂದೆ ಸರಿದೆ. ನನ್ನ ಮನೆಯಲ್ಲಿ ನಾನೇ ಕಳ್ಳಿ.

ಏಪ್ರಿಲ್ 5, ಶನಿವಾರ

ಲ್ಯಾಬಿನಲ್ಲಿ ಹೊಸ ಕೆಲಸ ಶುರುವಾಗಿದೆ. ಊರಿನ ರಸ್ತೆಬದಿಯ ಮರಗಳು ಎಷ್ಟು ಆವಿ ಬಿಡುತ್ತವೆ ಎಂದು ಅಳೆಯಬೇಕು. ನಮ್ಮ ರಸ್ತೆಯೂ ಪಟ್ಟಿಯಲ್ಲಿದೆ. ತಾನಾಗಿ ಸೇರಿದ್ದೇನೂ ಅಲ್ಲ, ನಾನೇ ಕೇಳಿ ಸೇರಿಸಿಕೊಂಡೆ. ಅಣ್ಣ ದಿನವೂ ಯಾವುದರ ಕೆಳಗೆ ಕೂರುತ್ತಾನೆ ಎಂದು ನನಗೆ ಗೊತ್ತಾಗಬೇಕು.

ಚಹಾ ಕುಡಿಯುವಾಗ ಅವನಿಗೆ ಹೇಳಿದೆ.

"ಅಂದ್ರೆ ಮರಾನೂ ಹೊಗೆ ಬಿಡುತ್ತೆ ಅಂತೀಯಾ?"

"ಹೊಗೆ ಅಲ್ಲ ಅಣ್ಣ, ಆವಿ. ಎಲೆಯಿಂದ ಹಾರಿಹೋಗುತ್ತೆ. ಬಿಸಿಲು ಏರಿದಷ್ಟೂ ಜಾಸ್ತಿ. ನೀಲಗಿರಿ ಎಲೆ ವಾಸನೆ ಬರುತ್ತಲ್ಲ, ಅದೂ ಅಂಥದ್ದೇ. ಅದಷ್ಟೇ ಇದ್ರೆ ಏನೂ ತೊಂದ್ರೆ ಇಲ್ಲ. ಬಸ್ಸಿನ ಹೊಗೆ ಜೊತೆ ಸೇರಿ ಬಿಸಿಲಲ್ಲಿ ಬೆಂದ್ರೆ ಓಜೋನ್ ಆಗುತ್ತೆ. ಅದು ನಿನ್ನ ಎದೆಗೆ ವಿಷ."

"ಮರಾನೂ ಬಸ್ಸೂ ಸೇರಿ ನನ್ನ ಮೇಲೆ ಸಂಚು ಮಾಡಿದಾವೆ ಅನ್ನು. ಅಷ್ಟು ವರ್ಷ ಒಂದರ ಒಳಗೆ ಕೂತೆ, ಈಗ ಇನ್ನೊಂದರ ಕೆಳಗೆ ಕೂತಿದೀನಿ. ಇನ್ನೆಲ್ಲಿ ಕೂರಲಿ, ನಿನ್ನ ತಲೆ ಮೇಲಾ?"

ನಗುತ್ತಾ ನಗುತ್ತಾ ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವವರೆಗೆ ನಾನು ಲೋಟ ಹಿಡಿದು ನಿಂತೇ ಇದ್ದೆ. ಆಮೇಲೆ ಕುಡಿದ ಚಹಾ ತಣ್ಣಗಿತ್ತು, ಮನಸ್ಸೂ ಸರಿಯಿರಲಿಲ್ಲ. ಮೂರು ಸಲ ಅಡುಗೆಮನೆಗೆ ಹೋದೆ, ಏನಕ್ಕೆಂದು ಮರೆತು ಮೂರು ಸಲವೂ ವಾಪಸು ಬಂದೆ.

ಏಪ್ರಿಲ್ 8, ಮಂಗಳವಾರ

ನಮ್ಮ ರಸ್ತೆಯ ಕೆಲಸ ಮುಗಿಯಿತು. ಕೊಂಬೆಯ ತುದಿಗೆ ಪಾರದರ್ಶಕ ಚೀಲ ತೊಡಿಸಿ, ಒಳಗಿನ ಗಾಳಿಯನ್ನು ಸಣ್ಣ ಕೊಳವೆಗೆ ಎಳೆದು, ಆ ಕೊಳವೆಯನ್ನು ಲ್ಯಾಬಿನ ಯಂತ್ರಕ್ಕೆ ಕೊಡುವುದು. ಕೇಳಲು ಸುಲಭ. ಆದರೆ ಎಲೆಗೆ ನೋವಾಗಬಾರದು. ಹರಿದ ಎಲೆ, ಮುರಿದ ಎಲೆ ಸುಮ್ಮನಿರುವ ಎಲೆಗಿಂತ ಎಷ್ಟೋ ಪಟ್ಟು ಹೆಚ್ಚು ಆವಿ ಬಿಡುತ್ತದೆ. ಅದು ಮರದ ಲೆಕ್ಕವಲ್ಲ, ಗಾಯದ ಲೆಕ್ಕ. ಅದಕ್ಕೇ ನಾವು ಮೊದಲು ಒಂದೊಂದೇ ಎಲೆ ತಿರುಗಿಸಿ ನೋಡುತ್ತೇವೆ, ಮಗುವಿಗೆ ಟೋಪಿ ಹಾಕಿದ ಹಾಗೆ ಚೀಲ ಹಾಕುತ್ತೇವೆ, ಆಮೇಲೆ ದೂರ ಸರಿದು ಕಾಯುತ್ತೇವೆ. ದೂರ ಸರಿಯುವುದು ನನಗೆ ಬರುವುದಿಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಮರದ ಸುತ್ತ ತಿರುಗುತ್ತಿರುತ್ತೇನೆ.

ಬೇರೆ ಮರಗಳಿಗೆ ಏಣಿ ಬೇಕಾಯಿತು. ಬೆಂಚಿನ ಮರದ ಒಂದು ಕೊಂಬೆ ಮಾತ್ರ ಕೈಗೆ ಸಿಗುವಷ್ಟು ಕೆಳಗೆ ಬಾಗಿದೆ. ಅಣ್ಣ ಬೆಳಗಿನ ಸುತ್ತು ಮುಗಿಸಿ ಮೇಲೆ ಬಂದು ತಿಂಡಿಗೆ ಕೂತಾಗ ನಾನು ಕೆಳಗೆ ಚೀಲ ಕಟ್ಟಿದೆ. ಕಂಡಕ್ಟರ್ ಇನ್ನೂ ಅಲ್ಲೇ ಕೂತಿದ್ದರು.

"ತಂಗೀ, ಮರಕ್ಕೆ ಮುಸುಕು ಹಾಕಿದೆಯಲ್ಲ, ಬಸ್ಸಿಗೆ ಯಾವಾಗ ಹಾಕ್ತೀಯಾ?"

"ಬಸ್ಸಿಗೆ ಹಾಕೋಷ್ಟು ದೊಡ್ಡ ಚೀಲ ಸಿಕ್ಕಲಿ ಕಂಡಕ್ಟರಣ್ಣ, ಮೊದಲು ನಿಮ್ಮಿಬ್ಬರ ಬಾಯಿಗೆ ಹಾಕ್ತೀನಿ."

ಅವರು ಜೋರಾಗಿ ನಕ್ಕರು. ನಾನು ನಗಲಿಲ್ಲ, ಗಡಿಯಾರ ನೋಡುತ್ತಿದ್ದೆ.

ಏಪ್ರಿಲ್ 9, ಬುಧವಾರ

ನನಗೆ ಗೊತ್ತಿತ್ತು!

ಸಾಲಿನ ಉಳಿದ ಮರಗಳೆಲ್ಲ ಹೆಚ್ಚು ಕಡಿಮೆ ಒಂದೇ. ಬೆಂಚಿನ ಮರ ಮಾತ್ರ ಎಣ್ಣೆಯಾವಿಯಲ್ಲಿ ಅವುಗಳ ನಾಲ್ಕು ಪಟ್ಟು. ಎರಡನೇ ಕೊಳವೆಯನ್ನೂ ಯಂತ್ರಕ್ಕೆ ಹಾಕಿದೆ, ಅದೇ ಉತ್ತರ. ನಮ್ಮ ಮುಖ್ಯಸ್ಥರ ಮುಖ ಅರಳಿತು. ಯಾವ ಸಂಖ್ಯೆ ಕೊಟ್ಟರೂ ಚುಕ್ಕಿಯ ಆಚೆ ಇನ್ನೆರಡು ಸ್ಥಾನ ಕೇಳುವವರು, ನಾವು ಬೆನ್ನ ಹಿಂದೆ 'ದಶಮಾಂಶ' ಎನ್ನುತ್ತೇವೆ. "ಒಂದೇ ಸಾಲು, ಒಂದೇ ಜಾತಿ, ಇಷ್ಟು ವ್ಯತ್ಯಾಸ! ಇದರ ಮೇಲೇ ಒಂದು ಪ್ರಬಂಧ ಬರೀಬಹುದಲ್ರೀ" ಎಂದರು.

ಅವರ ಪ್ರಬಂಧ ಹಾಳಾಗಲಿ. ಗೆದ್ದವಳ ಹಾಗೆ ಮನೆಗೆ ಓಡಿಬಂದು ಅಣ್ಣನ ಮುಂದೆ ಕಾಗದ ಹಿಡಿದೆ. ಅಷ್ಟುದ್ದದ ಸಾಲಿನಲ್ಲಿ ಅವನು ಆರಿಸಿಕೊಂಡು ಕೂತಿರುವುದು ಎಲ್ಲಕ್ಕಿಂತ ಕೆಟ್ಟ ಮರದ ಕೆಳಗೆ.

ಕನ್ನಡಕ ಏರಿಸಿ, ಇಳಿಸಿ, ಕಾಗದವನ್ನು ದೂರ ಹಿಡಿದು ನೋಡಿದ. "ಬೆಂಚು ಅಲ್ಲಿ ಹಾಕಿದಾರೆ, ಅಲ್ಲಿ ಕೂತೆ. ಬೆಂಚನ್ನ ಬೇರೆ ಮರದ ಕೆಳಗೆ ಎತ್ತಿಡೋಕೆ ನನ್ನ ಕೈಲಾಗಲ್ಲ ಪುಟ್ಟಿ" ಎಂದ. ನನಗೆ ನಲವತ್ತೈದು ತುಂಬಿದರೂ ಅವನಿಗೆ ನಾನು ಪುಟ್ಟಿ.

ಮಧ್ಯಾಹ್ನ ಕೆಳಗೆ ಹೋದ.

ಏಪ್ರಿಲ್ 12, ಶನಿವಾರ

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನ ಚಪ್ಪಲಿ ಬಚ್ಚಿಟ್ಟೆ. ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ.

ಬಾಗಿಲಲ್ಲಿ ಸ್ವಲ್ಪ ಹೊತ್ತು ಹುಡುಕಿದ. ನನ್ನ ಮುಖ ನೋಡಿದ. ಬರಿಗಾಲಿನಲ್ಲಿ ಮೆಟ್ಟಿಲಿಳಿದು ಹೋದ. ಕಾದ ಡಾಂಬರಿನ ಮೇಲೆ ಅವನು ಕಾಲೆತ್ತಿ ಕಾಲೆತ್ತಿ ಇಡುತ್ತಾ ಬೆಂಚು ಮುಟ್ಟುವುದನ್ನು ದುರ್ಬೀನಿನಲ್ಲಿ ನೋಡಿದೆ. ಕಂಡಕ್ಟರ್ ತಮ್ಮ ಚಪ್ಪಲಿ ಬಿಟ್ಟುಕೊಟ್ಟರು, ಇವನು ಬೇಡ ಎಂದ. ಕೊನೆಗೆ ಇಬ್ಬರೂ ಒಂದೊಂದು ಹಾಕಿಕೊಂಡು ಕೂತರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ತಿಳಿಯದು.

ಏಪ್ರಿಲ್ 16, ಬುಧವಾರ

ಆಗಬಾರದ್ದು ಆಯಿತು. ಬೆಂಚಿನಲ್ಲೇ ಉಸಿರು ಕಟ್ಟಿತು. ಕಂಡಕ್ಟರೂ ಡಿಪೋದ ಇಬ್ಬರು ಡ್ರೈವರುಗಳೂ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ತುಟಿ ನೀಲಿ. ಲ್ಯಾಬಿನಿಂದ ನಾನು ಹೇಗೆ ಬಂದೆನೋ ನೆನಪಿಲ್ಲ, ಕೈಗವಸು ಇನ್ನೂ ಕೈಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಆವಿಯ ಔಷಧ ಕೊಟ್ಟು ಸಂಜೆ ಕಳಿಸಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇದು ವಾಸಿ ಆಗೋದಲ್ಲ, ನಿಮಗೇ ಗೊತ್ತು. ಎಷ್ಟು ನಿಧಾನವಾಗಿ ಮುಂದುವರಿಯುತ್ತೆ ಅನ್ನೋದಷ್ಟೇ ನಮ್ಮ ಕೈಲಿರೋದು. ಈ ಬೇಸಿಗೆ ಹುಷಾರಾಗಿ ಕಳೀಬೇಕು" ಎಂದರು.

ಅಕ್ಕನಿಗೆ ಫೋನ್ ಮಾಡಿದೆ. ಅಣ್ಣನಿಗಿಂತ ಚಿಕ್ಕವಳು, ನನಗಿಂತ ದೊಡ್ಡವಳು, ನಮ್ಮಿಬ್ಬರಿಗಿಂತ ಜೋರು. ಊರಾಚೆ ಗುಡ್ಡದ ಮೇಲೆ ಅವಳ ಮನೆ. ಬಸ್ಸಿಲ್ಲ, ಹೊಗೆಯಿಲ್ಲ, ಊರಿನ ಕಡೆಯಿಂದ ದಿನವಿಡೀ ಗಾಳಿ ಬೀಸುತ್ತದೆ. "ಇಲ್ಲಿಗೆ ಕಳ್ಸೇ. ಎಷ್ಟು ಸಲ ಹೇಳೋದು ನಿಂಗೆ? ಆ ಡಿಪೋ ಮುಂದೆ ಇಟ್ಕೊಂಡು ಸಾಯಿಸ್ತೀಯಾ ಅವನನ್ನ?" ಎಂದಳು.

ಏಪ್ರಿಲ್ 17, ಗುರುವಾರ

ಒಪ್ಪಿದ! ಬಡಪೆಟ್ಟಿಗೆ ಒಪ್ಪುವ ಆಸಾಮಿಯಲ್ಲ, ಒಪ್ಪಿದ.

"ಆಯ್ತು ಪುಟ್ಟಿ. ನಿನಗೆ ಸಮಾಧಾನ ಆಗುತ್ತೆ ಅಂದ್ರೆ ಹೋಗ್ತೀನಿ" ಎಂದ. ಅಬ್ಬ.

ಏಪ್ರಿಲ್ 20, ಭಾನುವಾರ

ಬಿಟ್ಟು ಬಂದೆ. ಬಚ್ಚಿಟ್ಟ ಚಪ್ಪಲಿ ಬೀರುವಿನ ಮೇಲೇ ಇತ್ತು, ಡ್ಯೂಟಿಯ ಹಳೆಯ ಬೂಟಿನಲ್ಲೇ ಹೊರಟ. ದಾರಿಯುದ್ದಕ್ಕೂ ಟ್ಯಾಕ್ಸಿಯವನಿಗೆ ಗೇರು ಬದಲಿಸುವ ಪಾಠ. ಗುಡ್ಡ ಹತ್ತುವಾಗ ಟ್ಯಾಕ್ಸಿಯವನು, "ಸಾರ್, ನೀವೇ ಓಡಿಸ್ತೀರಾ?" ಎಂದುಬಿಟ್ಟ. ಅಣ್ಣನ ಕಣ್ಣು ಮಿಂಚಿತು. ನಾನು ಅಡ್ಡ ಬಂದು ತಡೆದೆ.

ಅಕ್ಕನ ತಾರಸಿಯಲ್ಲಿ ನಿಂತರೆ ಕೆಳಗೆ ಊರೆಲ್ಲ ಕಾಣುತ್ತದೆ. ಗಾಳಿ ಮುಖಕ್ಕೆ ಹೊಡೆಯಿತು. ನಾನು ಎದೆತುಂಬ ಎಳೆದುಕೊಂಡೆ. ಅಣ್ಣ ಸುತ್ತ ನೋಡಿ ಕೇಳಿದ: "ಇಲ್ಲಿಂದ ಬಸ್ ಸ್ಟಾಪ್ ಎಷ್ಟು ದೂರ?"

ದೂರ ಎಂದೆ.

ಏಪ್ರಿಲ್ 24, ಗುರುವಾರ

ಮನೆಯಲ್ಲಿ ಯಾವ ಸದ್ದೂ ಇಲ್ಲ. ಕೆಮ್ಮು ಕೇಳದೆ ಹಗುರವಾಗಬೇಕಿತ್ತು. ಬದಲಿಗೆ ಎಲ್ಲೋ ನಲ್ಲಿ ಬಿಟ್ಟು ಬಂದಿದ್ದೇನೆ ಎನ್ನುವ ಹಾಗೆ ದಿನವಿಡೀ ತಳಮಳ. ಎರಡು ಸಲ ಹೋಗಿ ನಲ್ಲಿ ನೋಡಿಯೂ ಬಂದೆ.

ಅಕ್ಕನಿಗೆ ದಿನಕ್ಕೆ ಮೂರು ಸಲ ಫೋನು. ಇವತ್ತು ಸಿಡಿದುಬಿದ್ದಳು. "ಉಸಿರು ಎಣಿಸಿ ಹೇಳು ಅಂತೀಯಲ್ಲ, ನಂಗೇನು ಬೇರೆ ಕಸುಬಿಲ್ವಾ? ಮನುಷ್ಯ ಊಟ ಮಾಡ್ತಾ ಇದಾನೆ. ಎದುರಿಗೆ ಕೂತು ಎಣಿಸಲಾ?"

ಕಿಟಕಿಯಿಂದ ನೋಡಿದರೆ ಕಂಡಕ್ಟರ್ ಒಬ್ಬರೇ ಕೂತಿದ್ದಾರೆ. ಬಸ್ಸುಗಳು ಹೊರಬರುತ್ತಿವೆ, ಅವರು ಏನೂ ಹೇಳುತ್ತಿಲ್ಲ. ಕಿಟಕಿಯ ಕಡೆ ನೋಡಿದರು. ಕೈಬೀಸಲಿಲ್ಲ.

ಏಪ್ರಿಲ್ 28, ಸೋಮವಾರ

ತಲೆ ಕೆಟ್ಟು ಹೋಗಿದೆ. ದಶಮಾಂಶದವರ ಪ್ರಬಂಧಕ್ಕೆಂದು ಬೆಂಚಿನ ಮರವನ್ನು ಮತ್ತೆ ಅಳೆದೆ. ಅದೇ ಕೊಂಬೆ, ಅದೇ ಹೊತ್ತು, ಅಷ್ಟೇ ಬಿಸಿಲು. ಬಂದ ಸಂಖ್ಯೆ ಉಳಿದ ಮರಗಳಷ್ಟೇ! ನಾಲ್ಕು ಪಟ್ಟೂ ಇಲ್ಲ, ಎರಡು ಪಟ್ಟೂ ಇಲ್ಲ.

ಯಂತ್ರವನ್ನು ಬೈದೆ. ಕೊಳವೆಗಳನ್ನು ಕಾಯಿಸಿ ಸ್ವಚ್ಛ ಮಾಡಿದೆ. ಹೊಸ ಚೀಲ ತೆಗೆದುಕೊಂಡು ಹೋಗಿ ಇನ್ನೊಮ್ಮೆ ಕಟ್ಟಿದೆ. ಅಷ್ಟೇ ಬಂತು. "ಹಾಗಾದ್ರೆ ಮೊದಲನೇದು ತಪ್ಪಾ?" ಎಂದು ದಶಮಾಂಶದವರು ಕೇಳಿದರು. ತಪ್ಪಿರಲಿಲ್ಲ. ಎರಡು ಕೊಳವೆಯಲ್ಲೂ ಬಂದಿತ್ತಲ್ಲ! ಹದಿನೈದಿಪ್ಪತ್ತು ದಿನದಲ್ಲಿ ಮರಕ್ಕೆ ಬುದ್ಧಿ ಬಂತೇ?

ಅಕ್ಕ ಫೋನಿನಲ್ಲಿ ಹೇಳಿದಳು, ಮಧ್ಯಾಹ್ನದ ಹೊತ್ತು ಅಣ್ಣನಿಗೆ ಕಷ್ಟವಾಗುತ್ತಿದೆಯಂತೆ. ಹೊಸ ಜಾಗ, ಒಗ್ಗಬೇಕು ಎಂದೆ.

ಏಪ್ರಿಲ್ 30, ಬುಧವಾರ

ಮಧ್ಯಾಹ್ನ ಅಣ್ಣನಿಗೆ ಉಸಿರಿನ ಕಷ್ಟ ತೀರಾ ಹೆಚ್ಚಾಗಿತ್ತಂತೆ. ಭಾವ ಆವಿಯ ಔಷಧ ಕೊಡುವ ಯಂತ್ರ ಬಾಡಿಗೆಗೆ ತಂದಿದ್ದಾರೆ. ಗುಡ್ಡದ ಮೇಲೆ ಅವನಿಗೆ ಕಷ್ಟವಾಗಲು ಏನಿದೆ?

ಮೇ 2, ಶುಕ್ರವಾರ

ಇವತ್ತು ಕೆಳಗೆ ಹೋಗಿ ಬೆಂಚಿನ ಮೇಲೆಯೇ ನಿಂತು ಕೊಂಬೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಲೆಗಳೆಲ್ಲ ಚೆನ್ನಾಗಿವೆ. ಆದರೆ ರೆಂಬೆಯುದ್ದಕ್ಕೂ ಎಲೆಯಿಲ್ಲದ ಕಡೆ ಪುಟ್ಟ ಪುಟ್ಟ ಗಾಯದ ಗುರುತು, ಒಣಗಿ ಕಪ್ಪಾಗಿವೆ. ಮೊದಲ ಸಲವೂ ಕಂಡಿದ್ದವು. ಬೇಸಿಗೆಯಲ್ಲಿ ಎಲೆ ಉದುರಿದ್ದು ಎಂದುಕೊಂಡಿದ್ದೆ.

"ಏನು ಹುಡುಕ್ತಾ ಇದೀಯ ತಂಗೀ?" ಎಂದರು ಕಂಡಕ್ಟರ್. ಹೇಳಿದೆ.

"ಅಯ್ಯೋ, ಅದು ನಿಮ್ಮಣ್ಣನ ಕೆಲಸ. ಇಲ್ಲಿ ಕೂತ್ರೆ ಅವನ ಕೈ ಸುಮ್ನಿರುತ್ತಾ? ಒಂದೊಂದೇ ಎಲೇನ ತೊಟ್ಟಿನ ಸಮೇತ ಕೀಳೋದು, ಹಿಸುಕೋದು, ಮೂಗಿಗೆ ಹಿಡಿಯೋದು. ಬೆಳಗ್ಗೆ ಬಂದ್ರೆ ಅದೇ, ಮಧ್ಯಾಹ್ನ ಬಂದ್ರೆ ಅದೇ. ಡೀಸೆಲ್ ಬಿಟ್ರೆ ಯಾವ ವಾಸನೇನೂ ಮೂಗಿಗೆ ಹತ್ತಲ್ಲ ಅಂತಿದ್ದ, ಇದೊಂದು ಹತ್ತುತ್ತೆ ಅಂತ. ಮೂಸಿದ್ರೆ ಎದೆ ಸ್ವಲ್ಪ ಬಿಚ್ಚಿದ ಹಂಗಾಗುತ್ತಂತೆ."

ಬೆಂಚಿನಿಂದ ಇಳಿದು ಕೂತೆ. ಆವತ್ತು ನಾನು ಚೀಲ ಕಟ್ಟುವ ಸ್ವಲ್ಪ ಮುಂಚೆಯಷ್ಟೇ ಅವನು ಎದ್ದು ಹೋಗಿದ್ದ. ಮರದ ಮೇಲೆ ನಾನು ಹೊರಿಸಿದ್ದು ಅವನ ಕೈಯ ಗಾಯ. ಅವನು ಹೋದ ಮೇಲೆ ಕೀಳುವವರಿಲ್ಲ, ಗಾಯ ಒಣಗಿತು, ಸಂಖ್ಯೆ ಇಳಿಯಿತು. ಎಲೆಗೆ ನೋವಾಗಬಾರದು ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ನಾನೇ.

ಆ ಮರವನ್ನು ಪಟ್ಟಿಯಿಂದ ತೆಗೆಸಿದೆ. ಕಾರಣ ಎಂಬಲ್ಲಿ 'ಕೊಂಬೆ ಜನರ ಕೈಗೆ ಸಿಗುತ್ತದೆ' ಎಂದು ಬರೆದೆ. ದಶಮಾಂಶದವರು ಮುಖ ಊದಿಸಿಕೊಂಡಿದ್ದಾರೆ.

ಒಂದು ಯೋಚನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಮರ ಅಷ್ಟು ಕೆಟ್ಟದ್ದಲ್ಲದಿದ್ದರೆ, ಗುಡ್ಡ ಎಷ್ಟು ಒಳ್ಳೆಯದು?

ಮೇ 4, ಭಾನುವಾರ

ಲ್ಯಾಬಿನ ಓಜೋನ್ ಮಾಪಕವನ್ನು ಚೀಲದಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದೆ. ನಿನ್ನೆ ಅದೇ ಹೊತ್ತಿಗೆ ನಮ್ಮ ಬೆಂಚಿನ ಹತ್ತಿರ ಹಿಡಿದು ನೋಡಿದ್ದೆ. ಅಕ್ಕನ ತಾರಸಿಯಲ್ಲಿ, ನಡು ಮಧ್ಯಾಹ್ನ, ಆ ತಣ್ಣನೆಯ ಗಾಳಿಯಲ್ಲಿ, ಮುಳ್ಳು ಏರುತ್ತಾ ಹೋಯಿತು. ಬೆಂಚಿನ ಎರಡರಷ್ಟು.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕಳೆದ ವರ್ಷದ ವರದಿಯಲ್ಲಿ ನಾನೇ ಟೈಪ್ ಮಾಡಿದ ಸಾಲು. ಬಸ್ಸಿನ ಹೊಗೆ ಹೊಸದಾಗಿ ಏಳುವ ಕಡೆ ಅದೇ ಹೊಗೆ ಓಜೋನನ್ನು ತಿಂದುಹಾಕುತ್ತದೆ. ಊರಿನ ಹೊಗೆಯೂ ಮರಗಳ ಆವಿಯೂ ಗಾಳಿಯ ಜೊತೆ ಸಾಗಿ, ಬಿಸಿಲಲ್ಲಿ ಬೆಂದು, ಊರಾಚೆ ಮುಟ್ಟುವ ಹೊತ್ತಿಗೆ ಓಜೋನ್ ಹೆಚ್ಚುತ್ತದೆ. ಟೈಪ್ ಮಾಡಿದೆ, ಕಾಗುಣಿತ ತಿದ್ದಿದೆ, ಕಳಿಸಿದೆ. ಅಣ್ಣನನ್ನು ಗುಡ್ಡಕ್ಕೆ ಸಾಗಿಸುವಾಗ ಆ ಸಾಲು ನೆನಪಿಗೇ ಬರಲಿಲ್ಲ. ಹಾಗೆಂದು ಡಿಪೋದ ಹೊಗೆ ಅಮೃತವೂ ಅಲ್ಲ. ಅಣ್ಣನಿಗೆ ಒಳ್ಳೆಯ ಗಾಳಿ ಎಂದು ನಾನು ಬೆರಳು ಮಾಡಿ ತೋರಿಸಬಲ್ಲ ಜಾಗ ಒಂದೂ ಇಲ್ಲ.

ಅಣ್ಣ ಒಳಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಕೊರಳ ಮೂಳೆ ಎದ್ದು ಕಾಣುತ್ತಿತ್ತು.

"ನಡಿ ಅಣ್ಣ, ಮನೆಗೆ ಹೋಗೋಣ. ನಾನು ತಪ್ಪು ಮಾಡಿದೆ. ಅಲ್ಲಿಗಿಂತ ಇಲ್ಲಿನ ಗಾಳೀನೇ ನಿನಗೆ ಕೆಟ್ಟದು."

"ಗೊತ್ತು. ಎದೆ ಹೇಳುತ್ತಲ್ಲ. ನೀನು ಮಷೀನ್ ತರೋವರೆಗೂ ಕಾಯಬೇಕಾ?"

"ಮತ್ತೆ ಫೋನಲ್ಲಿ ಯಾಕೆ ಹೇಳಲಿಲ್ಲ? ಕರ್ಕೊಂಡು ಹೋಗು ಅಂತ ಒಂದು ಮಾತು ಹೇಳಬಾರದಾ?"

ಅವನು ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡ. ನಾನು ನೋಡುತ್ತಿದ್ದೆ.

"ಇದೇ, ನೋಡು. ಈಗ ನೀನು ಮಾಡ್ತಿರೋದು" ಎಂದ. "ಇಲ್ಲಿ ನಿಮ್ಮಕ್ಕ ಬೈತಾಳೆ. ಊಟ ಬಿಟ್ರೆ ಬೈತಾಳೆ, ಟೀವಿ ಜೋರಾಗಿಟ್ರೆ ಬೈತಾಳೆ. ಬೈಸ್ಕೊಂಡ್ರೆ ಹಾಯಾಗಿರುತ್ತೆ ಪುಟ್ಟಿ, ಮನುಷ್ಯ ಅಂತ ಅನ್ಸುತ್ತೆ. ನೀನು ಬೈಯಲ್ಲ, ನೋಡ್ತೀಯ. ನಾನು ಮಾತಾಡಿದ್ರೆ ಮಾತು ಕೇಳಲ್ಲ, ಎದೆ ನೋಡ್ತೀಯ. ಜೋಕ್ ಹೇಳಿದ್ರೆ ನಗಲ್ಲ, ಕೆಮ್ಮು ಯಾವಾಗ ಬರುತ್ತೆ ಅಂತ ಕಾಯ್ತೀಯ. ಆ ಕಿಟಕಿ ಕೆಳಗೆ ಕೂತು ಉಸಿರಾಡೋಕೇ ಭಯ ಆಗೋದು ನಂಗೆ, ಲೆಕ್ಕ ತಪ್ಪುತ್ತೇನೋ ಅಂತ."

"ಹಾಗಂತ ಇಲ್ಲೇ ಇದ್ದು ಸಾಯ್ತೀಯಾ?" ಬಾಯಿ ತಪ್ಪಿ ಬಂದುಬಿಟ್ಟಿತು.

"ಎಲ್ಲಿದ್ರೂ ಅದು ಆಗೋದೇ ತಾನೆ. ಯಾವಾಗ ಅನ್ನೋದು ನನ್ನ ಕೈಲೂ ಇಲ್ಲ, ನಿನ್ನ ಕೈಲೂ ಇಲ್ಲ. ಎಲ್ಲಿ ಕೂತ್ಕೊಂಡು ಅನ್ನೋದೊಂದನ್ನ ನಂಗೆ ಬಿಡು."

ಬರಲಿಲ್ಲ ಅವನು. ನಾನೊಬ್ಬಳೇ ಬಂದೆ, ಮಾಪಕವನ್ನು ತೊಡೆಯ ಮೇಲಿಟ್ಟುಕೊಂಡು. ದಾರಿಯಲ್ಲಿ ಅತ್ತೆ. ಟ್ಯಾಕ್ಸಿಯವನು ರೇಡಿಯೋ ಸಣ್ಣದು ಮಾಡಿದ.

ಮೇ 5, ಸೋಮವಾರ

ಏನೂ ಮಾಡಲಿಲ್ಲ.

ಮೇ 6, ಮಂಗಳವಾರ

ಮಾಪಕ, ದುರ್ಬೀನು ಎರಡನ್ನೂ ಲ್ಯಾಬಿಗೆ ವಾಪಸು ಕೊಟ್ಟೆ. ದುರ್ಬೀನು ಇನ್ನೂ ಬೇಕಾಗುತ್ತಲ್ಲ ಎಂದು ದಶಮಾಂಶದವರು ಕೇಳಿದರು. ಬೇಕಾದಾಗ ಬಂದು ತೆಗೆದುಕೊಳ್ಳುತ್ತೇನೆ ಎಂದೆ.

ಸಂಜೆ ಬೀರುವಿನ ಮೇಲಿಂದ ಚಪ್ಪಲಿ ಇಳಿಸಿ, ಧೂಳು ಒರೆಸಿ ಬಾಗಿಲಲ್ಲಿಟ್ಟೆ. ಅಣ್ಣನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. "ಬಾಗಿಲಲ್ಲೇ ಇಟ್ಟಿದೀನಿ ಅಣ್ಣ."

ಆ ಕಡೆ ಟೀವಿಯ ಸದ್ದು ಸಣ್ಣದಾಯಿತು. ಆಮೇಲೆ ಕೇಳಿದ: "ಎರಡೂ ಇದಾವಾ?"

ಮೇ 8, ಗುರುವಾರ

ಬಂದ. ಅಕ್ಕ ಕಾರಿನಲ್ಲಿ ತಂದು ಬಿಟ್ಟು, ನನಗೂ ಅವನಿಗೂ ಸೇರಿಸಿ ಬೈದು ಹೋದಳು. ಎರಡು ಮಹಡಿ ಹತ್ತಲು ಅವನಿಗೆ ಅರ್ಧ ಗಂಟೆ ಬೇಕಾಯಿತು. ಪ್ರತಿ ತಿರುವಿನಲ್ಲೂ ಕೂತ. ಕೂತಾಗೆಲ್ಲ ನಾನು ಗೋಡೆಯ ಬಣ್ಣ ನೋಡಿದೆ. ಮಾಲೀಕ ಎಷ್ಟು ಕೆಟ್ಟದಾಗಿ ಬಳಿಸಿದ್ದಾನೆ ಎಂದು ಇವತ್ತೇ ಗೊತ್ತಾಗಿದ್ದು.

ಕಣ್ಣು ತಾನಾಗಿ ಅವನ ಎದೆಯ ಕಡೆ ಹೋಗುತ್ತದೆ. ಎಳೆದು ತರಬೇಕು. ಕಷ್ಟ.

ಮೇ 10, ಶನಿವಾರ

ಮಧ್ಯಾಹ್ನ ತೀರಾ ಬಿಸಿಲಿತ್ತು. ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವನು ಕಿಟಕಿಯಿಂದ ಬಿಸಿಲು ನೋಡಿ ತಾನೇ ಹೇಳಿದ: "ಸಂಜೆಗೆ ಹೋದ್ರಾಯ್ತು." ಅಷ್ಟೇ. ಇಷ್ಟು ದಿನ ನಾನು ಗಂಟಲು ಹರಿದುಕೊಂಡಿದ್ದು ಇದಕ್ಕೇ ಅಲ್ಲವೇ?

ಸಂಜೆ ಕೆಳಗೆ ಹೋದ. ನಾನು ಕಿಟಕಿಗೆ ಬೆನ್ನು ಹಾಕಿ ಬಟ್ಟೆ ಮಡಚಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿ.

ಮೇ 14, ಬುಧವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ಮನೆಯಲ್ಲೇ ಆಮ್ಲಜನಕ ಇಟ್ಟುಕೊಳ್ಳಬೇಕಂತೆ. ನಾಳೆ ಸಿಲಿಂಡರ್ ಬರುತ್ತದೆ, ಹೊರಗೆ ಒಯ್ಯಲು ಒಂದು ಚಿಕ್ಕದು. ಇನ್ನು ತಿಂಗಳುಗಳ ಮಾತು ಎಂದು ನನಗೊಬ್ಬಳಿಗೇ ಹೇಳಿದರು. ಹೊರಗೆ ಬಂದಾಗ ಅಣ್ಣ ನನ್ನ ಮುಖ ನೋಡಿ, "ನನಗೆ ಹೇಳಿದ್ದನ್ನೇ ನಿಂಗೂ ಹೇಳಿದ್ರಾ?" ಎಂದ. ಹೌದು ಎಂದೆ. ಇಬ್ಬರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬಿಸ್ಕತ್ತು ತಿಂದೆವು. ನನ್ನ ಪಾಲಿನದನ್ನೂ ಅವನೇ ತಿಂದ.

ಮೇ 18, ಭಾನುವಾರ

ಸಂಜೆ ಅಣ್ಣ ಹೊರಡುವಾಗ, "ಮನೇಲಿ ಒಬ್ಬಳೇ ಏನು ಮಾಡ್ತೀಯ, ನೀನೂ ಬಾ" ಎಂದ. ಚಿಕ್ಕ ಸಿಲಿಂಡರ್ ಹೊರಲು ಯಾರಾದರೂ ಬೇಕಲ್ಲ ಎಂದು ಹೋದೆ. ಬೆಂಚಿನಲ್ಲಿ ಮೂವರಿಗೆ ಜಾಗ ಇಕ್ಕಟ್ಟು, ಕಂಡಕ್ಟರ್ ಅಂಚಿಗೆ ಸರಿದು ಅರ್ಧ ಗಾಳಿಯಲ್ಲೇ ಕೂತರು.

ಒಂದು ಬಸ್ಸಿನ ಹಿಂಬಾಗಿಲು ದಡಬಡ ಬಡಿದುಕೊಳ್ಳುತ್ತಾ ಗೇಟಿನಿಂದ ಹೊರಬಂತು. ಅದನ್ನು ನೋಡಿ ಇಬ್ಬರಿಗೂ ಒಟ್ಟಿಗೆ ನಗು ಬಂತು. ಏನೆಂದು ಕೇಳಿದೆ. ಒಂದು ಸಲ ಇವರ ಬಸ್ಸಿನ ಬಾಗಿಲು ನಡುದಾರಿಯಲ್ಲಿ ಕಳಚಿ ಕೈಗೇ ಬಂದುಬಿಟ್ಟಿತ್ತಂತೆ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸೋಣವೆಂದರೆ, ಸೀಟಿ ಇರುವ ಜೇಬು ಬಾಗಿಲಿನ ಅಡಿ ಸಿಕ್ಕಿಕೊಂಡಿದೆ. ಕೊನೆಯ ಸ್ಟಾಪಿನವರೆಗೂ ಬಾಗಿಲನ್ನು ಅಪ್ಪಿಕೊಂಡು ನಿಂತು, ಒಂದೇ ಕೈಯಲ್ಲಿ ಟಿಕೆಟ್ ಕೊಟ್ಟರಂತೆ.

"ಮುಂದೆ ಸ್ಟೇರಿಂಗ್ ಹಿಡಿದು ಕೂತ ಇವನಿಗೆ ಏನೂ ಗೊತ್ತಿಲ್ಲ ತಂಗೀ. 'ಇವತ್ತು ಗಾಳಿ ಚೆನ್ನಾಗಿ ಬರ್ತಾ ಇದೆ' ಅಂತಾನೆ!"

"ಬರ್ತಾ ಇತ್ತಲ್ಲ ಮತ್ತೆ!" ಎಂದ ಅಣ್ಣ. "ಒಬ್ಬಳು ಮುದುಕಿ ಇವನನ್ನ ಕೇಳಿದ್ಲು, 'ಏನಪ್ಪಾ, ಬಾಗಿಲಿಗೂ ಟಿಕೆಟ್ ತಗೊಂಡೆಯಾ?' ಅಂತ. ಈ ಪುಣ್ಯಾತ್ಮ ನಿಜವಾಗ್ಲೂ ಲಗೇಜ್ ಟಿಕೆಟ್ ಹರಿದುಬಿಟ್ಟ, ತಾನೇ ದುಡ್ಡು ಹಾಕಿ!"

"ಚೆಕಿಂಗ್ ಬಂದ್ರೆ ಏನು ಹೇಳೋದು?" ಎಂದರು ಕಂಡಕ್ಟರ್ ಗಂಭೀರವಾಗಿ.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಡಿಪೋದ ಕಾವಲುಗಾರ ಬಂದು ಏನಾಯಿತೆಂದು ಕೇಳಿದ. ಅವನಿಗೋಸ್ಕರ ಕಥೆ ಮೊದಲಿನಿಂದ ಮತ್ತೆ ಶುರುವಾಯಿತು. ಎರಡನೇ ಸಲ ಬಾಗಿಲು ಇನ್ನೂ ದೊಡ್ಡದಾಗಿತ್ತು.

ಊಟದ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. ಈಗ ಅವಳಿಗೂ ಅದೇ ಚಾಳಿ ಹತ್ತಿದೆ. "ಇವತ್ತು ಅಣ್ಣನ ಉಸಿರು ಹೇಗಿತ್ತೇ?"

"ನೋಡಲಿಲ್ಲ" ಎಂದೆ.

"ನೋಡಲಿಲ್ವಾ? ಪಕ್ಕದಲ್ಲೇ ಕೂತಿದ್ದೆ ಅಂದೆಯಲ್ಲ!"

ಪಕ್ಕದಲ್ಲೇ ಕೂತಿದ್ದೆ, ಭುಜಕ್ಕೆ ಭುಜ ತಾಗುತ್ತಿತ್ತು. ಬರೆಯುವಾಗ ನೆನಪಿಸಿಕೊಳ್ಳೋಣ ಎಂದರೂ ಆಗುತ್ತಿಲ್ಲ. ಒಂದೇ ಕೈಯಲ್ಲಿ ಬಾಗಿಲಿಗೆ ಟಿಕೆಟ್ ಹರಿಯುತ್ತಿರುವ ಕಂಡಕ್ಟರೇ ಕಣ್ಣ ಮುಂದೆ ಬರುತ್ತಾರೆ, ಮುಂದಿನ ಸೀಟಿನಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಾ ಅಣ್ಣ ಬಸ್ಸು ಓಡಿಸುತ್ತಿದ್ದಾನೆ.